ಫಲಕಾರಿ ಎಂಬ ಅಪಶಕುನ

ಇಲಿಪಾಷಾಣ ಮಾರುವವನು ‘ಇದು ಎಫೆಕ್ಟಿವ್, ತಗೊಂಡ್ಹೋಗಿ’ ಅನ್ನುತ್ತಾನೆ. ಕೊಂಡುಹೋದವನು ವಾರ ಬಿಟ್ಟು ಅದೇ ಅಂಗಡಿಗೆ ಬಂದರೆ ‘ಎಫೆಕ್ಟಿವ್ ಆಗಿತ್ತು ಕಣಪ್ಪ’ ಅನ್ನುವುದಿಲ್ಲ. ‘ಮೂರು ಸತ್ವು’ ಅನ್ನುತ್ತಾನೆ, ಇಲ್ಲವೇ ‘ತಿಂದು ತಿಂದು ದುಂಡಗಾಗಿವೆ, ಬೇರೆ ಬ್ರಾಂಡು ಕೊಡು’ ಅನ್ನುತ್ತಾನೆ. ಇಂಗ್ಲಿಷಿನ ಎಫೆಕ್ಟಿವ್ ಎಂಬ ಪದವನ್ನು ನಾವು ಬಳಸುವ ವ್ಯಾಕರಣ ಇಷ್ಟೇ. ಮಾರುವವನ ಬಾಯಲ್ಲಿ ಅದು ವಿಶೇಷಣ, ಕೊಂಡವನ ಬಾಯಲ್ಲಿ ಬರೀ ಕ್ರಿಯಾಪದ. ಕೆಲಸ ಆಗುವ ಮುಂಚೆ ಎಫೆಕ್ಟಿವ್. ಆದಮೇಲೆ ಸತ್ತಿತು, ಬಿಟ್ಟಿತು, ಇಳಿಯಿತು, ತೊಲಗಿತು.

ನಂಬಿಕೆ ಬಾರದಿದ್ದರೆ ನಾಳೆಯಿಂದ ಕಿವಿಗೊಟ್ಟು ಕೇಳಿ. ಮುಖದ ಕ್ರೀಮು, ಮಗನ ಟ್ಯೂಷನ್ನು, ಮಂಡಿನೋವಿನ ಎಣ್ಣೆ, ಸೋಮವಾರ ಬೆಳಗ್ಗೆಯ ಮೀಟಿಂಗು, ಬೆಳಗ್ಗೆ ಎದ್ದು ಬರಿಹೊಟ್ಟೆಯಲ್ಲಿ ಕುಡಿಯುವ ಜೀರಿಗೆ ನೀರು, ಎಲ್ಲವೂ ಎಫೆಕ್ಟಿವ್ ಆಗಿರುವುದು ಶುರುವಾಗುವ ಮುನ್ನ. ಜ್ವರ ಬಿಟ್ಟವನು ‘ಮಾತ್ರೆ ಎಫೆಕ್ಟಿವ್’ ಎಂದು ಪ್ರಮಾಣಪತ್ರ ಕೊಡುವುದಿಲ್ಲ. ‘ಬೆವರು ಬಂತು, ಒಂದು ಲೋಟ ಗಂಜಿ ಕೊಡು’ ಅನ್ನುತ್ತಾನೆ.

ಪದದ ಕುಲಗೋತ್ರ ಕೇಳಿಬಿಡೋಣ. ಲ್ಯಾಟಿನ್ನಿನಲ್ಲಿ ‘ಫಾಕೆರೆ’ ಅಂದರೆ ಮಾಡು. ಅದರ ಹಿಂದೆ ‘ಎಕ್ಸ್’ ಎಂಬುದೊಂದು ಉಪಸರ್ಗ ಅಂಟಿಕೊಂಡು ‘ಮಾಡಿ ಮುಗಿಸು’ ಎಂಬರ್ಥ ಬಂತು. ಆ ತಾಯಿಗೆ ನಾಲ್ಕು ಹೆಣ್ಣುಮಕ್ಕಳು: ಎಫೆಕ್ಚುಅಲ್, ಎಫಿಕೇಶಿಯಸ್, ಎಫಿಶಿಯೆಂಟ್, ಎಫೆಕ್ಟಿವ್. ನೆಂಟರಿಷ್ಟರನ್ನೂ ಕರೆದರೆ ಛತ್ರ ಸಾಲದು. ಫ್ಯಾಕ್ಟರಿ, ಪ್ರಾಫಿಟ್, ಡೆಫಿಸಿಟ್, ಸರ್ಟಿಫಿಕೇಟ್ ಎಲ್ಲರೂ ಈ ‘ಮಾಡು’ವಿನ ಸಂತಾನ. ‘ಆಫೀಸ್’ ಕೂಡ ಅದೇ ಮನೆತನದ್ದು. ಕೆಲಸ ಮಾಡುವುದು ಎಂಬುದು ಅದರ ಮೂಲಾರ್ಥ. ನಗಬೇಡಿ, ನಿಘಂಟು ಹಾಗೇ ಹೇಳುತ್ತದೆ.

ಹಿರಿಯಕ್ಕ ಎಫೆಕ್ಚುಅಲ್ ಈಗ ಮನೆಯಿಂದ ಹೊರಗೆ ಬರುವುದು ಕಡಿಮೆ. ಹಳೆಯ ಕಾನೂನು ಪತ್ರ, ಹಳೆಯ ಪ್ರಾರ್ಥನಾ ಪುಸ್ತಕ, ಅಷ್ಟೇ. ಅವಳ ಹಿಂದೆ ಒಂದು ‘ಇನ್’ ಸೇರಿಸಿ ಕೈಲಾಗದವರನ್ನು ಬೈಯುವುದಕ್ಕೆ ಮಾತ್ರ ಇಂಗ್ಲಿಷರು ಇನ್ನೂ ಕರೆಯುತ್ತಾರೆ. ಎರಡನೆಯವಳು ಎಫಿಕೇಶಿಯಸ್ ಮಡಿವಂತೆ. ಔಷಧಿ, ಚಿಕಿತ್ಸೆ, ವ್ರತ, ಉಪಾಯ ಇಂಥವನ್ನು ಮುಟ್ಟುತ್ತಾಳೆಯೇ ಹೊರತು ಮನುಷ್ಯರನ್ನು ಮುಟ್ಟಿಸಿಕೊಳ್ಳುವುದಿಲ್ಲ. ‘ನಮ್ಮ ಯಜಮಾನರು ಬಹಳ ಎಫಿಕೇಶಿಯಸ್’ ಎಂದು ಯಾರಾದರೂ ಅಂದರೆ, ಅವರನ್ನು ಊಟವಾದ ಮೇಲೆ ದಿನಕ್ಕೆರಡು ಬಾರಿ ನೀರಿನ ಜೊತೆ ನುಂಗುತ್ತಾರೆಂದು ಅರ್ಥ.

ಈ ಮಡಿವಂತೆಗಾಗಿ ರೋಮಿನಲ್ಲಿ ಹೆಚ್ಚುಕಡಿಮೆ ಹತ್ತು ವರ್ಷ ಪಂಚಾಯಿತಿ ನಡೆದಿತ್ತು. ದೇವರ ಕೃಪೆ ತಾನಾಗಿಯೇ ಎಫಿಕೇಶಿಯಸ್ಸೋ, ಅಥವಾ ಮನುಷ್ಯ ‘ಹೂಂ’ ಅಂದಮೇಲೆ ಎಫಿಕೇಶಿಯಸ್ಸೋ ಎಂದು ಡೊಮಿನಿಕನ್ ಮತ್ತು ಜೆಸುಯಿಟ್ ಪಂಗಡದವರು ಜಗಳಕ್ಕೆ ಬಿದ್ದರು. ಮೇಲುಕೋಟೆ ಕಡೆಯವರಿಗೆ ಇದು ಹೊಸ ವ್ಯಾಜ್ಯವೇನಲ್ಲ. ಮರಿಕೋತಿ ತಾಯಿಯನ್ನು ಗಟ್ಟಿಯಾಗಿ ತಬ್ಬಿಕೊಳ್ಳಬೇಕೋ, ತಾಯಿಬೆಕ್ಕೇ ಮರಿಯನ್ನು ಕಚ್ಚಿಕೊಂಡು ಒಯ್ಯುತ್ತದೋ ಎಂದು ಶ್ರೀವೈಷ್ಣವರೂ ಬಹಳ ಕಾಲ ತಲೆಕೆಡಿಸಿಕೊಂಡವರೇ. ರೋಮಿನ ವಾದ 1607ರಲ್ಲಿ ಮುಗಿಯಿತು. ಐದನೆಯ ಪೌಲ್ ಪೋಪರು ಯಾರು ಸರಿ ಎಂದು ಹೇಳಲೇ ಇಲ್ಲ. ಅವರವರ ವಾದ ಅವರವರು ಇಟ್ಟುಕೊಳ್ಳಿ, ಒಬ್ಬರನ್ನೊಬ್ಬರು ಬೈಯಬೇಡಿ ಎಂದು ಮನೆಗೆ ಕಳಿಸಿದರು. ಹತ್ತು ವರ್ಷದ ವಿಚಾರಣೆಗೆ ಇಷ್ಟು ಫಲ! ಅರ್ಧ ಶತಮಾನದ ಮೇಲೆ, 1656-57ರಲ್ಲಿ, ಪ್ಯಾಸ್ಕಲ್ ಎಂಬ ಗಣಿತಜ್ಞ ತನ್ನ ಪತ್ರಮಾಲೆಯಲ್ಲಿ ಇದನ್ನೇ ಹಿಡಿದು ಗೇಲಿ ಮಾಡಿದ. ದೇವರು ಎಲ್ಲರಿಗೂ ‘ಸಾಕಾಗುವಷ್ಟು’ ಕೃಪೆ ಕೊಟ್ಟಿದ್ದಾನೆ, ಆದರೆ ಅದು ಸಾಕಾಗುವುದಿಲ್ಲ ಅನ್ನುತ್ತೀರಲ್ಲ ಸ್ವಾಮಿ ಎಂಬುದು ಅವನ ತಕರಾರು. ‘ಸಾಕಷ್ಟು ಅನುದಾನ ಒದಗಿಸಲಾಗಿದೆ’ ಎಂಬ ಭಾಷಣ ಕೇಳಿ ಬೆಳೆದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಇನ್ನುಳಿದವರು ಎಫಿಶಿಯೆಂಟ್ ಮತ್ತು ಎಫೆಕ್ಟಿವ್. ಈ ಇಬ್ಬರನ್ನು ಅವಳಿಜವಳಿ ಎಂದುಕೊಂಡು ಒಬ್ಬಳನ್ನು ಕರೆಯಬೇಕಾದಲ್ಲಿ ಇನ್ನೊಬ್ಬಳನ್ನು ಕರೆಯುವುದು ನಮ್ಮ ಕಚೇರಿಗಳಲ್ಲಿ ವಾಡಿಕೆ. 1967ರಲ್ಲಿ ಪೀಟರ್ ಡ್ರಕರ್ ಮ್ಯಾನೇಜರುಗಳಿಗಾಗಿ ಒಂದು ಪುಸ್ತಕವನ್ನೇ ಬರೆದು ಇವರಿಬ್ಬರನ್ನೂ ಬೇರೆ ಬೇರೆ ಕೋಣೆಗೆ ಕಳಿಸಿದರು. ಕಡಿಮೆ ಖರ್ಚಿನಲ್ಲಿ, ಅಚ್ಚುಕಟ್ಟಾಗಿ, ಹೊತ್ತು ಹಾಳು ಮಾಡದೆ ಮಾಡುವುದು ಎಫಿಶಿಯೆಂಟ್. ಮಾಡಬೇಕಾದ್ದನ್ನೇ ಮಾಡುವುದು ಎಫೆಕ್ಟಿವ್. ಆಮೇಲೆ 1989ರಲ್ಲಿ ಸ್ಟೀಫನ್ ಕವಿ ‘ಅತಿ’ ಎಫೆಕ್ಟಿವ್ ಜನರ ಏಳು ಅಭ್ಯಾಸಗಳ ಪುಸ್ತಕ ತಂದರು. ಬರೀ ಎಫೆಕ್ಟಿವ್ ಅಂದರೆ ಯಾರೂ ನಂಬದ ಕಾಲ ಅಷ್ಟರಲ್ಲಿ ಬಂದಿತ್ತು ಅನ್ನಿಸುತ್ತದೆ. ನಾನು ಕಂಡಂತೆ ಆ ಪುಸ್ತಕ ಕೊಂಡವರಲ್ಲಿ ಮೊದಲು ಬೆಳೆಯುವ ಅಭ್ಯಾಸ, ಅದನ್ನು ಓದುತ್ತಿದ್ದೇನೆಂದು ಊರಿಗೆಲ್ಲ ಹೇಳುವುದು.

ಈ ಭೇದ ತಿಳಿಯಲು ಡ್ರಕರೇ ಬೇಕೆಂದಿಲ್ಲ. ವೀರಗಾಸೆಯವರು ಕತ್ತಿ ಹಿಡಿದು ಒಡಪು ಹೇಳುವಾಗ ನಿಂತು ಕೇಳಿದರೆ ಸಾಕು. ಅವರು ಹೇಳುವುದು ದಕ್ಷಯಜ್ಞದ ಕಥೆ. ‘ದಕ್ಷ’ ಅಂದರೆ ಸಮರ್ಥ, ಎಫಿಶಿಯೆಂಟ್; ಹೆಸರೇ ಅದು. ಅವನ ಯಜ್ಞದಲ್ಲಿ ಯಾವ ಏರ್ಪಾಟು ಕಡಿಮೆಯಾಗಿತ್ತು ಹೇಳಿ. ಋಷಿಗಳು ಹೊತ್ತಿಗೆ ಸರಿಯಾಗಿ ಬಂದಿದ್ದರು, ದೇವತೆಗಳ ಆಸನ ಸಾಲಾಗಿ ಹಾಕಿತ್ತು, ಹವಿಸ್ಸಿಗೆ ಕೊರತೆಯಿರಲಿಲ್ಲ. ಈಗಿನ ಇವೆಂಟ್ ಮ್ಯಾನೇಜ್‌ಮೆಂಟಿನವರು ಬಂದು ಕಲಿತು ಹೋಗಬಹುದಿತ್ತು. ಕರೆಯೋಲೆಯ ಪಟ್ಟಿಯಲ್ಲಿ ಒಂದೇ ಒಂದು ಹೆಸರು ಬೇಕೆಂದೇ ಬಿಟ್ಟಿದ್ದ, ಅಳಿಯ ಶಿವನದು. ಕರೆಯದಿದ್ದರೂ ತೌರೆಂದು ಬಂದ ಮಗಳು ಅವಮಾನ ತಾಳದೆ ದೇಹ ಬಿಟ್ಟಳು. ಆಮೇಲೆ ವೀರಭದ್ರ ಬಂದ. ಭೃಗುವಿನ ಗಡ್ಡ ಕಿತ್ತ, ಹಲ್ಲು ಕಿರಿದು ನಕ್ಕಿದ್ದ ಪೂಷನ ಹಲ್ಲು ಉದುರಿಸಿದ, ಕಾರ್ಯಕ್ರಮದ ಅಧ್ಯಕ್ಷರ ತಲೆ ತೆಗೆದ. ಕೊನೆಗೆ ದಕ್ಷನಿಗೆ ಆಡಿನ ತಲೆ ಅಂಟಿಸಿ ಯಜ್ಞ ಮುಗಿಸಬೇಕಾಯಿತು. ವ್ಯವಸ್ಥೆ ನೂರಕ್ಕೆ ನೂರು, ಫಲಿತಾಂಶ ‘ಮ್ಯಾ’.

ಇಂಥ ಹೆಸರನ್ನೇ ಆರಿಸಿ ನಾವು ಎಫಿಶಿಯೆನ್ಸಿಗೆ ‘ದಕ್ಷತೆ’ ಎಂದು ನಾಮಕರಣ ಮಾಡಿದ್ದೇವೆ. ಅದರ ಪ್ರಾರಬ್ಧ ಪತ್ರಿಕೆಗಳಲ್ಲಿ ಕಾಣುತ್ತದೆ. ‘ದಕ್ಷ ಅಧಿಕಾರಿ’ ಎಂಬ ಎರಡು ಪದದ ಮುಂದಿನ ಪದ ಯಾವುದೆಂದು ಕಣ್ಣು ಮುಚ್ಚಿ ಹೇಳಬಹುದು: ‘ವರ್ಗಾವಣೆ’. ದಕ್ಷ ಅಧಿಕಾರಿ ಮುಂದುವರಿದರು ಎಂಬ ಸುದ್ದಿ ಓದಿದ ನೆನಪು ನನಗಿಲ್ಲ. ವರ್ಗಾವಣೆಯ ಆದೇಶ ‘ತಕ್ಷಣದಿಂದ ಜಾರಿಗೆ ಬರುವಂತೆ’ ಎಂದೇ ಶುರುವಾಗುತ್ತದೆ. ಇಂಗ್ಲಿಷ್ ಪ್ರತಿಯಲ್ಲಿ ಅದು ‘ವಿತ್ ಇಮ್ಮೀಡಿಯೆಟ್ ಎಫೆಕ್ಟ್’. ಎಫಿಶಿಯೆಂಟ್ ಮನುಷ್ಯನಿಗೂ ಎಫೆಕ್ಟ್ ಎಂಬುದಕ್ಕೂ ಸರ್ಕಾರಿ ಕಡತದಲ್ಲಿ ಮುಖಾಮುಖಿಯಾಗುವುದು ಗಂಟುಮೂಟೆ ಕಟ್ಟುವ ಆ ಒಂದು ದಿನ.

ಸರ್ಕಾರ ದಕ್ಷತೆಯನ್ನು ಅಳೆಯಲೇ ಇಲ್ಲ ಎಂದೇನಲ್ಲ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಹಣದ ಲೆಕ್ಕ ತಪಾಸಣೆ ಮಾಡುವಂತೆಯೇ ಕಚೇರಿಗಳ ಕೆಲಸವನ್ನೂ ತಪಾಸಣೆ ಮಾಡಬೇಕೆಂದು ‘ಎಫಿಶಿಯೆನ್ಸಿ ಆಡಿಟ್’ ಶುರುಮಾಡಿದ್ದರು. ಅದಕ್ಕಿಂತ ರಂಜನೀಯವಾದದ್ದು ಹಳೆಯ ಸಂಬಳದ ಶ್ರೇಣಿ. ನಿವೃತ್ತರ ಹತ್ತಿರ ‘ಇ.ಬಿ.’ ಎಂದು ಉಚ್ಚರಿಸಿ ನೋಡಿ, ಒಂದು ಸಂಜೆ ಕಳೆಯುತ್ತದೆ. ಎಫಿಶಿಯೆನ್ಸಿ ಬಾರ್, ದಕ್ಷತೆಯ ತಡೆಗಂಬ. ಮೂರನೆಯ ವೇತನ ಆಯೋಗದ ಕಾಲದಲ್ಲಿ ಕೇಂದ್ರ ಸರ್ಕಾರದ ಕೆಳದರ್ಜೆ ಗುಮಾಸ್ತರ ಶ್ರೇಣಿ ಹೀಗಿತ್ತು: 260-6-290-ಇ.ಬಿ.-6-326-8-366-ಇ.ಬಿ.-8-390-10-400. ಸಂಸ್ಕೃತದ ಘನಪಾಠದಂತೆ ಕೇಳಿಸಿದರೂ ಅರ್ಥ ಸರಳ. 260 ರೂಪಾಯಿಗೆ ಸೇರಿದವನಿಗೆ ವರ್ಷಕ್ಕೆ 6 ರೂಪಾಯಿ ಏರಿಕೆ. ಐದು ವರ್ಷಕ್ಕೆ 290. ಅಲ್ಲೊಂದು ಕಂಬ ಅಡ್ಡ. ಸಾಹೇಬರು ‘ಈತ ದಕ್ಷ’ ಎಂದು ಬರೆದರೆ ಮುಂದಿನ 6 ರೂಪಾಯಿ, ಇಲ್ಲದಿದ್ದರೆ ಅಲ್ಲೇ ಬಿಡಾರ. ಅದನ್ನು ದಾಟಿದರೆ ಮತ್ತೆ ಹನ್ನೊಂದು ವರ್ಷ ಯಾರೂ ಏನೂ ಕೇಳುವುದಿಲ್ಲ. 366ರ ಹತ್ತಿರ ಇನ್ನೊಂದು ಕಂಬ. ಇಪ್ಪತ್ತು ವರ್ಷದ ಶ್ರೇಣಿಯಲ್ಲಿ ದಕ್ಷತೆ ಎಂಬುದನ್ನು ಎರಡು ಸಲ ಮುಟ್ಟಿ ನಮಸ್ಕಾರ ಮಾಡಿದರೆ ಸಾಕಿತ್ತು. ‘ನಿಮ್ಮವರಿಗೆ ಇ.ಬಿ. ಕ್ರಾಸ್ ಆಯ್ತಾ?’ ಎಂದು ಕ್ವಾರ್ಟರ್ಸಿನ ಹೆಂಗಸರು ವಿಚಾರಿಸುತ್ತಿದ್ದರು. ದಾಟಿದವರೆಲ್ಲ ದಕ್ಷರೋ, ಸಾಹೇಬರ ಮನೆಗೆ ಹಲಸಿನ ಹಣ್ಣು ಸಾಗಿಸಿದವರೋ ಎಂಬುದು ಬೇರೆ ಹರಟೆ. ಈಗ ಆ ಕಂಬಗಳಿಲ್ಲ. ದಕ್ಷತೆ ಹೆಚ್ಚಾದದ್ದರಿಂದ ತೆಗೆದರೋ, ಯಾರಿಗೂ ತಾಗದೆ ತುಕ್ಕು ಹಿಡಿದದ್ದರಿಂದ ತೆಗೆದರೋ, ನಿಮ್ಮ ಊಹೆಗೆ ಬಿಟ್ಟಿದ್ದೇನೆ.

ಈಗ ಕನ್ನಡ ಪತ್ರಿಕೆಯನ್ನು ಇನ್ನೂ ಸ್ವಲ್ಪ ಹತ್ತಿರ ಹಿಡಿಯಿರಿ. ಎಫೆಕ್ಟಿವ್ ಎಂಬುದಕ್ಕೆ ನಮ್ಮಲ್ಲಿ ಎರಡು ಗಂಭೀರ ಪದಗಳಿವೆ, ಫಲಕಾರಿ ಮತ್ತು ಪರಿಣಾಮಕಾರಿ. ಎರಡೂ ಒಳ್ಳೆಯ ಪದಗಳೇ. ಆದರೆ ‘ಫಲಕಾರಿ’ ಸುದ್ದಿಯಲ್ಲಿ ಬರುವುದು ಯಾವಾಗ? ‘ಚಿಕಿತ್ಸೆ ಫಲಕಾರಿಯಾಗದೆ.’ ಅಷ್ಟು ಓದಿದರೆ ಸಾಕು, ಮುಂದೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಸಾವಿರಾರು ಜನ ದಿನಾ ಆಸ್ಪತ್ರೆಯಿಂದ ಗುಣವಾಗಿ ಆಟೋ ಹತ್ತಿ ಮನೆಗೆ ಹೋಗುತ್ತಾರೆ. ಒಬ್ಬರ ಬಗ್ಗೆಯಾದರೂ ‘ಚಿಕಿತ್ಸೆ ಫಲಕಾರಿಯಾಗಿ ಮನೆಗೆ ಮರಳಿದರು’ ಎಂದು ಯಾವ ವರದಿಗಾರನೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಪಾಪ, ಆ ಪದ ಹುಟ್ಟಿದ್ದು ಹಣ್ಣು ಬಿಡುವುದಕ್ಕೆ, ದುಡಿಯುತ್ತಿರುವುದು ಶ್ರದ್ಧಾಂಜಲಿಯ ಅಂಕಣದಲ್ಲಿ. ನಮ್ಮ ನೆಂಟರ ಹಿರಿಯಜ್ಜಿಯೊಬ್ಬರು ಆಸ್ಪತ್ರೆಯಲ್ಲಿದ್ದಾಗ ‘ಟ್ರೀಟ್‌ಮೆಂಟು ಫಲಕಾರಿಯಾಗಲಿ’ ಎಂದು ಹಾರೈಸಿದ ಸಭ್ಯಸ್ಥನನ್ನು ಮನೆಯವರು ನೋಡಿದ ನೋಟ ಹೇಗಿತ್ತೆಂದರೆ, ಆತ ಕಿತ್ತಳೆಹಣ್ಣಿನ ಚೀಲ ಅಲ್ಲೇ ಇಟ್ಟು ಜಾರಿಕೊಂಡ.

‘ಪರಿಣಾಮಕಾರಿ’ಗೆ ಇನ್ನೊಂದು ಶಾಪ. ಅದಕ್ಕೆ ಭೂತಕಾಲವೇ ಇಲ್ಲ. ‘ಯೋಜನೆಗಳನ್ನು ಪರಿಣಾಮಕಾರಿಯಾಗಿ ಅನುಷ್ಠಾನಗೊಳಿಸಬೇಕು’ ಎಂದು ಸಚಿವರು ಕರೆ ಕೊಡುತ್ತಾರೆ. ‘ಪ್ಲಾಸ್ಟಿಕ್ ನಿಷೇಧ ಪರಿಣಾಮಕಾರಿಯಾಗಿ ಜಾರಿಯಾಗಲಿ’ ಎಂದು ಓದುಗರ ಪತ್ರ ಆಗ್ರಹಿಸುತ್ತದೆ. ಬೇಕು, ಲಿ, ತಕ್ಕದ್ದು. ಈ ಮೂರರ ಕೈಹಿಡಿದೇ ಅದು ನಡೆಯುವುದು. ಒಂದು ಫಲಿಸದೆ ಹೋದ ಕಡೆ ಬರುತ್ತದೆ, ಇನ್ನೊಂದು ಫಲಿಸಬೇಕಾದ ಕಡೆ. ಫಲಿಸಿದ ಕಡೆ? ಅಲ್ಲಿ ಹಬ್ಬದ ಊಟದ ಗದ್ದಲ, ಎರಡೂ ಬೇಡ.

ಸುದ್ದಿಮನೆಯವರು ತಮಗೇ ಯಶಸ್ಸು ಬಂದಾಗ ಮಾತ್ರ ಉದಾರಿಗಳು. ಗುಂಡಿ ಮುಚ್ಚಿದರೆ ಸಾಕು, ‘ವರದಿ ಫಲಶ್ರುತಿ’. ಟೀವಿಯಲ್ಲಾದರೆ ಕಹಳೆಯ ಸಮೇತ ‘ಬಿಗ್ ಇಂಪ್ಯಾಕ್ಟ್’. ಫಲಶ್ರುತಿಯನ್ನು ತಂದದ್ದು ದೇವರಮನೆಯಿಂದ. ಸ್ತೋತ್ರದ ಕೊನೆಗೆ ಇದನ್ನು ಓದಿದರೆ ಏನು ಸಿಗುತ್ತದೆಂದು ಹೇಳುವ ಭಾಗ ಅದು. ಸಂಕಷ್ಟನಾಶನ ಗಣೇಶ ಸ್ತೋತ್ರದ ಫಲಶ್ರುತಿ ನೋಡಿ, ಔಷಧಿ ಕಂಪನಿಯ ಚೀಟಿಯಷ್ಟು ಖಚಿತ. ದಿನಕ್ಕೆ ಮೂರು ಹೊತ್ತು, ಆರು ತಿಂಗಳಲ್ಲಿ ಫಲ, ಒಂದು ವರ್ಷದಲ್ಲಿ ಸಿದ್ಧಿ. ಪ್ರಮಾಣವೂ ಇದೆ, ಅವಧಿಯೂ ಇದೆ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ.

ಇಷ್ಟಾದರೂ ಎಫಿಕೇಶಿಯಸ್ಸಿನ ಮಗಳು ‘ಎಫಿಕೆಸಿ’ ನಮ್ಮ ಜಗುಲಿಗೆ ಬಂದು ಕೂತದ್ದು 2020ರ ಕೊನೆಯಲ್ಲಿ. ಆ ಚಳಿಗಾಲದಲ್ಲಿ ಹಾಲಿನವನೂ ‘ಅದರ ಎಫಿಕೆಸಿ ಎಷ್ಟಂತೆ?’ ಅನ್ನುತ್ತಿದ್ದ. ಫೈಜರಿನ ಕೋವಿಡ್ ಲಸಿಕೆ 95, ಕೋವಿಶೀಲ್ಡ್ 70, ಮುಂದಿನ ವರ್ಷ ಕೋವ್ಯಾಕ್ಸಿನ್ ಸುಮಾರು 78. ಜನ ಇದನ್ನು ಎಸ್ಸೆಸ್ಸೆಲ್ಸಿ ಅಂಕದಂತೆ ಓದಿದರು. 95 ರ‍್ಯಾಂಕು, 70 ಫಸ್ಟ್ ಕ್ಲಾಸು. ಇನ್ನು ಕೆಲವರ ಲೆಕ್ಕದಲ್ಲಿ 95 ಅಂದರೆ ಚುಚ್ಚಿಸಿಕೊಂಡ ನೂರು ಜನರಲ್ಲಿ ಐವರಿಗೆ ರೋಗ ಗ್ಯಾರಂಟಿ. ಆ ಐವರಲ್ಲಿ ತಾನೊಬ್ಬನೆಂದು ಪ್ರತಿಯೊಬ್ಬನಿಗೂ ಗುಮಾನಿ.

ಲೆಕ್ಕ ಅದಲ್ಲ. ಫೈಜರಿನ ಪ್ರಯೋಗದಲ್ಲಿ 43 ಸಾವಿರಕ್ಕೂ ಹೆಚ್ಚು ಜನ ಇದ್ದರು. ಅರ್ಧದಷ್ಟು ಜನಕ್ಕೆ ಲಸಿಕೆ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ. ಎಣಿಸುವ ಹೊತ್ತಿಗೆ ಒಟ್ಟು 170 ಜನಕ್ಕೆ ಕೋವಿಡ್ ಬಂದಿತ್ತು. ಉಪ್ಪುನೀರಿನವರಲ್ಲಿ 162, ಲಸಿಕೆಯವರಲ್ಲಿ 8. ಲಸಿಕೆ ಇಲ್ಲದಿದ್ದರೆ 162ರ ಹತ್ತಿರ ಹೋಗಬಹುದಾಗಿದ್ದದ್ದು 8ಕ್ಕೆ ನಿಂತಿತು, ಅಂದರೆ ನೂರಕ್ಕೆ 95ರಷ್ಟು ಕಡಿಮೆ. 95 ಅಂದರೆ ಇದು. ಚುಚ್ಚಿಸಿಕೊಂಡವರಲ್ಲಿ ಕಾಯಿಲೆ ಬಿದ್ದವರು ನೂರಕ್ಕೆ ಐದಲ್ಲ, ಸಾವಿರಕ್ಕೆ ಒಬ್ಬರೂ ಇಲ್ಲ. ಇದನ್ನು ನಮ್ಮ ಬೀದಿಯ ಕೊನೆಮನೆಯವರಿಗೆ ಕಾಗದದ ಮೇಲೆ ಬರೆದು ವಿವರಿಸಿದೆ. ಪೂರ್ತಿ ಕೇಳಿ, ತಲೆದೂಗಿ, ‘ಆ ಎಂಟು ಜನ ಯಾರಂತೆ?’ ಎಂದರು.

ಇಂಗ್ಲಿಷ್ ವೈದ್ಯರು ಇಲ್ಲಿ ಒಂದು ಸೂಕ್ಷ್ಮ ಇಟ್ಟುಕೊಂಡಿದ್ದಾರೆ. ಆರಿಸಿದ ಜನ, ಸರಿಯಾದ ಹೊತ್ತು, ಸರಿಯಾದ ಪ್ರಮಾಣ, ಎಲ್ಲ ಕಟ್ಟುನಿಟ್ಟಿನ ಪ್ರಯೋಗದಲ್ಲಿ ಮದ್ದು ತೋರಿಸುವ ಶಕ್ತಿ ಎಫಿಕೆಸಿ. ಅದೇ ಮದ್ದು ಊರಿಗೆ ಬಂದು, ಮಾತ್ರೆ ಮರೆಯುವ ಮಾವ, ಎರಡು ದಿನಕ್ಕೆ ಬಿಟ್ಟುಬಿಡುವ ಅತ್ತೆ, ‘ಅರ್ಧ ನಂಗೂ ಕೊಡು’ ಎನ್ನುವ ಪಕ್ಕದ ಮನೆಯವನು ಇವರೆಲ್ಲರ ನಡುವೆ ಮಾಡಿ ತೋರಿಸುವುದು ಎಫೆಕ್ಟಿವ್‌ನೆಸ್. ಪಾಠಶಾಲೆಯ ಕನ್ನಡದಲ್ಲಿ ಎರಡಕ್ಕೂ ಪರಿಣಾಮಕಾರಿತ್ವ ಎಂದುಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಮನೆಮಾತಿನ ಕನ್ನಡ ಅಷ್ಟು ಬಡವಿಯಲ್ಲ. ಮದ್ದು ‘ಒಳ್ಳೇದೇ’, ಆದರೆ ‘ನಂಗೆ ಒಗ್ಗಲಿಲ್ಲ’. ಡಾಕ್ಟರು ದೊಡ್ಡ ಓದಿನವರೇ, ಆದರೆ ‘ಕೈಗುಣ ಇಲ್ಲ’. ಒಂದೇ ಮಾತ್ರೆ, ಒಂದೇ ಕಂಪನಿ. ಒಬ್ಬ ಡಾಕ್ಟರು ಬರೆದರೆ ಹಿಡಿಯುತ್ತದೆ, ಇನ್ನೊಬ್ಬರು ಬರೆದರೆ ಜಗ್ಗುವುದಿಲ್ಲ. ವಿಜ್ಞಾನದವರು ನಗಲಿ. ರೋಗಿಯ ಬೆನ್ನು ಸವರಿ ‘ಏನಾಗಲ್ಲ, ಹೋಗಿ’ ಎನ್ನುವ ಡಾಕ್ಟರ ಮಾತ್ರೆಯನ್ನು ರೋಗಿ ಐದು ದಿನವೂ ತಪ್ಪದೆ ನುಂಗುತ್ತಾನೆ. ಮುಖ ನೋಡದೆ ಬರೆದವರ ಚೀಟಿ ಅಂಗಿಯ ಜೇಬಿನಲ್ಲೇ ಒಗೆತಕ್ಕೆ ಹೋಗುತ್ತದೆ.

ಮಳೆಯ ವಿಷಯದಲ್ಲೂ ಹೀಗೇ. ಕೃಷಿ ವಿಜ್ಞಾನದಲ್ಲಿ ‘ಎಫೆಕ್ಟಿವ್ ರೇನ್‌ಫಾಲ್’ ಎಂದೊಂದಿದೆ. ಬಿದ್ದ ಮಳೆಯಲ್ಲಿ ಹರಿದುಹೋದದ್ದು, ಆವಿಯಾದದ್ದು, ಬೇರಿಗೆ ಎಟುಕದ ಆಳಕ್ಕೆ ಇಳಿದದ್ದು ಕಳೆದು ಬೆಳೆಗೆ ದಕ್ಕಿದ್ದೆಷ್ಟೋ ಅಷ್ಟು. ಅದನ್ನು ಕಂಡುಹಿಡಿಯಲು ಸೂತ್ರಗಳಿವೆ, ಕೋಷ್ಟಕಗಳಿವೆ. ಚಿತ್ರದುರ್ಗದ ಕಡೆಯ ರೈತ ಕಾಲಿನ ಹೆಬ್ಬೆರಳಿಂದ ಮಣ್ಣು ಕೆದಕಿ ‘ಹದ ಆಗಿಲ್ಲ’ ಅನ್ನುತ್ತಾನೆ. ತಾಲೂಕು ಕಚೇರಿಯ ಮಳೆಮಾಪಕ ಎಷ್ಟೇ ಮಿಲಿಮೀಟರು ತೋರಿಸಲಿ, ಅವನು ಬಿತ್ತುವುದು ಹದಮಳೆ ಬಿದ್ದಮೇಲೇ. ನನಗೇನೋ ಇಡೀ ಪಟ್ಟಿಯಲ್ಲಿ ಎಫೆಕ್ಟಿವ್‌ಗೆ ಸರಿಜೋಡಿಯಾಗಿ ನಿಲ್ಲುವುದು ಈ ಹದವೇ ಅನ್ನಿಸುತ್ತದೆ. ಆದರೆ ‘ಸರ್ಕಾರದ ಹದವಾದ ಕ್ರಮ’ ಎಂದು ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ.

ಇನ್ನು ಎಫೆಕ್ಟಿವ್ ಎಂಬ ಪದ ಸತ್ಯಹರಿಶ್ಚಂದ್ರನ ವೇಷ ಹಾಕುವ ಒಂದೇ ಒಂದು ಜಾಗವಿದೆ, ಸಾಲದ ಕಾಗದ. ಅಲ್ಲಿ ಎಫೆಕ್ಟಿವ್ ಅಂದರೆ ‘ನಿಜಕ್ಕೂ’ ಎಂದರ್ಥ. ಒಂದು ಲಕ್ಷ ಸಾಲ, ಒಂದು ವರ್ಷ, ಬಡ್ಡಿ ‘ಫ್ಲಾಟ್’ 10 ಪರ್ಸೆಂಟು ಅನ್ನುತ್ತಾರೆ. ಒಟ್ಟು ಹತ್ತು ಸಾವಿರ ಬಡ್ಡಿ, ತಿಂಗಳಿಗೆ ಸುಮಾರು 9,167 ರೂಪಾಯಿ ಕಂತು. ಕೇಳಲು ಇಂಪಾಗಿದೆ. ಆದರೆ ಅಸಲು ಪ್ರತಿ ತಿಂಗಳೂ ಕರಗುತ್ತ ಬರುತ್ತದೆ. ಆರನೆಯ ತಿಂಗಳಿಗೆ ನಿಮ್ಮ ಕೈಯಲ್ಲಿ ಉಳಿದಿರುವುದು ಸುಮಾರು ಅರ್ಧ ಲಕ್ಷ. ಬಡ್ಡಿ ಮಾತ್ರ ಕೊನೆಯ ದಿನದವರೆಗೂ ಪೂರ್ತಿ ಲಕ್ಷದ ಮೇಲೇ. ಸರಿಯಾಗಿ ಲೆಕ್ಕ ಹಾಕಿದರೆ ವಾರ್ಷಿಕ ದರ 18ರ ಹತ್ತಿರ, ಬಡ್ಡಿಯ ಮೇಲಿನ ಬಡ್ಡಿಯನ್ನೂ ಸೇರಿಸಿದರೆ 19 ದಾಟುತ್ತದೆ. ಇಂಥ ನಿಜದ ದರವನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ಕೊಡಿ ಎಂದು ರಿಸರ್ವ್ ಬ್ಯಾಂಕು 2024ರ ಅಕ್ಟೋಬರಿನಿಂದ ಕಟ್ಟುಮಾಡಿದೆ. ಇಲಿಪಾಷಾಣದ ಡಬ್ಬಿಯ ಮೇಲೆ ಅಂಗೈಯಗಲ ಇರುವ ಪದ ಸಾಲದ ಕಾಗದಕ್ಕೆ ಬಂದಾಗ ಏಕೆ ಅಷ್ಟು ನಾಚಿಕೊಂಡು ಸಾಸಿವೆ ಅಕ್ಷರದಲ್ಲಿ ಕೂರುತ್ತದೆಂದು ಈಗ ತಿಳಿಯಿತಲ್ಲ.

ಮೊನ್ನೆ ಫೋನಿನಲ್ಲಿ ಸಾಲ ಕೊಡುತ್ತೇನೆಂದು ಗಂಟುಬಿದ್ದ ಹುಡುಗನೊಬ್ಬನಿಗೆ ಇಷ್ಟೆಲ್ಲ ತಿಳಿದವನ ಗತ್ತಿನಲ್ಲಿ ಕೇಳಿದೆ: ‘ಫ್ಲಾಟು ಗೀಟು ಬೇಡಪ್ಪ, ನಿಮ್ಮದು ಎಫೆಕ್ಟಿವ್ ರೇಟ್ ಎಷ್ಟು, ಅದು ಹೇಳು.’

ಅವನು ಒಂದು ಕ್ಷಣವೂ ತಡವರಿಸಲಿಲ್ಲ. ‘ತುಂಬಾ ತುಂಬಾ ಎಫೆಕ್ಟಿವ್ ಸಾರ್ ನಮ್ಮ ರೇಟು’ ಎಂದ.